ಕಾಮಾಕ್ಷಮ್ಮ ಲಿವರ್ ಕೇಳಲು ಹೊರಟದ್ದು

ಕಾಮಾಕ್ಷಮ್ಮನ ಲಿವರಿನಲ್ಲಿ ಮತ್ತೆ ಗೆಡ್ಡೆ ಕಾಣಿಸಿಕೊಂಡಿದೆ ಎಂಬ ಸುದ್ದಿ ಅವಳಿಗಿಂತ ಮುಂಚೆ ಹೊಳೆನರಸೀಪುರ ತಲುಪಿಬಿಟ್ಟಿತ್ತು. ಹಾಸನದ ಸ್ಕ್ಯಾನಿಂಗ್ ಸೆಂಟರಿನ ಬಾಗಿಲಲ್ಲೇ ನಿಂತು ಮಗ ಕುಮಾರ ತನ್ನ ಸೋದರಮಾವ ರವೀಂದ್ರನಿಗೆ ಫೋನ್ ಮಾಡಿದ್ದೇ ತಪ್ಪಾಯಿತು. ಅವಳು ಬಸ್ಸಿಳಿದು, ಪೇಟೆ ಬೀದಿ ದಾಟಿ, ತನ್ನ ಹಿಟ್ಟಿನ ಗಿರಣಿಯ ಬೀಗ ತೆಗೆಯುವ ಹೊತ್ತಿಗೆ ಇಬ್ಬರು ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಜಗಲಿಯ ಮೇಲೆ ಕೂತಿದ್ದರು. ಒಬ್ಬಳ ಕೈಯಲ್ಲಿ ಸೇಬಿನ ಕವರು, ಇನ್ನೊಬ್ಬಳ ಮಡಿಲಲ್ಲಿ ಬೀಸಿಸಬೇಕಾದ ರಾಗಿ.

"ಅಳಾದು ಆಮೇಲೆ ಅಳೀವ್ರಂತೆ, ರಾಗಿ ಕೊಡು ಇತ್ಲಾಗೆ," ಎಂದು ಕಾಮಾಕ್ಷಮ್ಮ ಮೋಟರಿನ ಸ್ವಿಚ್ ಹಾಕಿದಳು. ಗಿರಣಿಯ ಸದ್ದಿನಲ್ಲಿ ಅಳು ಯಾರಿಗೂ ಕೇಳಿಸದೆ, ಅಳುವವರೇ ಬೇಸರಪಟ್ಟು ಎದ್ದರು.

ಐವತ್ತೇಳು ದಾಟಿದ ಈ ಹೆಂಗಸನ್ನು ಆ ಬೀದಿಯಲ್ಲಿ ಎಲ್ಲರೂ ಪ್ರೀತಿಸುತ್ತಿದ್ದರು, ಆದರೆ ಅವಳ ಮಾತನ್ನು ಅರ್ಧಕ್ಕಿಂತ ಹೆಚ್ಚು ಯಾರೂ ನಂಬುತ್ತಿರಲಿಲ್ಲ. ಊರಿಗೆ ಹೊಸದಾಗಿ ಬಂದ ಬ್ಯಾಂಕಿನ ಮ್ಯಾನೇಜರನಿಗೆ ತಲೆಯಲ್ಲಿ ಕೂದಲಿರಲಿಲ್ಲ. ಹೊತ್ತು ಮೂಡುವ ಮೊದಲು ಹೇಮಾವತಿಯಲ್ಲಿ ಮೂರು ಮುಳುಗು ಹಾಕಿದರೆ ಹೊಸ ಕೂದಲು ಚಿಗುರುತ್ತದೆ ಎಂದು ಇವಳು ಎಷ್ಟು ಗಂಭೀರವಾಗಿ ಹೇಳಿದಳೆಂದರೆ, ಆ ಪುಣ್ಯಾತ್ಮ ಮಾಗಿಯ ಚಳಿಯಲ್ಲೂ ಬಿಡದೆ ಹೊಳೆಗೆ ಹೋದ. ಕೂದಲು ಬರಲಿಲ್ಲ. ಬಂದ ನೆಗಡಿ ಮಾತ್ರ ವರ್ಗವಾಗುವವರೆಗೂ ಹೋಗಲಿಲ್ಲ.

ಮೊದಲ ಸಲ ಗೆಡ್ಡೆ ಸಿಕ್ಕಿದ್ದು ಮೂರು ವರ್ಷದ ಹಿಂದೆ, ಅದೂ ಆಕಸ್ಮಿಕವಾಗಿ. ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದು ಹುಡುಕಲು ಹೋದವರು ಲಿವರಿನಲ್ಲಿ ಕ್ಯಾನ್ಸರ್ ಕಂಡರು. ಯಾವ ಕಾಲದಿಂದಲೋ ಮೈಯೊಳಗೆ ಸದ್ದಿಲ್ಲದೆ ಕೂತಿದ್ದ ಕಾಮಾಲೆಯ ವೈರಸ್ಸಿನಿಂದ ಬಂದದ್ದು ಎಂದರು. ಮೈಸೂರಿನ ಆಸ್ಪತ್ರೆಯಲ್ಲಿ ಲಿವರಿನ ಎಡ ಮೂಲೆಯನ್ನು ಕತ್ತರಿಸಿ ತೆಗೆದು, ವೈರಸ್ಸಿಗೆ ದಿನಾ ಒಂದು ಮಾತ್ರೆ ಕೊಟ್ಟು ಕಳಿಸಿದರು. ಲಿವರ್ ಕಾಯಿಲೆ ಎಂದರೆ ಕುಡಿದೇ ಬರಬೇಕು ಎಂದು ಊರು ತೀರ್ಮಾನಿಸಿತ್ತು. ಮೂವತ್ತು ವರ್ಷ ಸಂಜೆ ತಪ್ಪದೆ ಕುಡಿದವನು ಗಂಡ ನಂಜಪ್ಪ. ಅನುಮಾನಕ್ಕೆ ಅವನಿಗೂ ಸ್ಕ್ಯಾನ್ ಮಾಡಿದರೆ, ಅವನ ಲಿವರ್ ಎಳೆಗರುವಿನದರಂತೆ ನಳನಳಿಸುತ್ತಿತ್ತು. ಕಾಮಾಕ್ಷಮ್ಮ ಆ ಸಿಟ್ಟಿಗೆ ಎಂಟು ದಿನ ಅವನ ಜೊತೆ ಮಾತು ಬಿಟ್ಟಳು. ಅವಳು ರಾಗಿ ಮೂಟೆಯ ಹಿಂದೆ ಬಾಟಲಿ ಬಚ್ಚಿಟ್ಟು ಕುಡಿಯುತ್ತಾಳಂತೆ ಎಂಬ ಮಾತು ಗಿರಣಿಗೂ ಬಂತು. ಮಾರನೆಯ ದಿನವೇ ಗಂಡನ ಖಾಲಿ ಬ್ರಾಂದಿ ಬಾಟಲಿಗೆ ಹಾಲಿಲ್ಲದ ಟೀ ತುಂಬಿ ತಕ್ಕಡಿಯ ಪಕ್ಕದಲ್ಲಿಟ್ಟುಕೊಂಡಳು. ಯಾರಾದರೂ ಓರೆಗಣ್ಣಲ್ಲಿ ನೋಡಿದರೆ ಒಂದು ಗುಟುಕು ಎತ್ತಿ, ಮುಖ ಕಿವಿಚಿ, "ಅಬ್ಬಾ!" ಎನ್ನುತ್ತಿದ್ದಳು.

ಈ ಸಲ ಬಂದವರು ಸೇಬಿನ ಕವರುಗಳ ಜೊತೆ ಅಂತ್ಯಕ್ರಿಯೆಯ ಮುಖಗಳನ್ನೂ ತಂದಿದ್ದರು. "ಮತ್ತೆ ಬಂದದೆ ಅಂದ್ರೆ ಮುಗೀತು ಬುಡವ್ವ," ಎಂದು ಅವಳೆದುರೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಒಬ್ಬಳು ಗಿರಣಿಯನ್ನು ಮುಂದೆ ಯಾರು ನಡೆಸುತ್ತಾರೆಂದು ವಿಚಾರಿಸಿದಳು. ಇನ್ನೊಬ್ಬಳು ಅವಳ ಕಿವಿಯ ಜುಮುಕಿ ಮುಟ್ಟಿ ನೋಡಿ, ಇದು ಯಾವ ಕಾಲದ್ದು ಎಂದು ಕೇಳಿದಳು. ಅರಕಲಗೂಡಿನಿಂದ ತಮ್ಮ ರವೀಂದ್ರ ದಿನ ಬಿಟ್ಟು ದಿನ ಬಂದು ನಡುಮನೆಯ ಕುರ್ಚಿಯಲ್ಲಿ ಕೂತು ಮುಖ್ಯ ಅತಿಥಿಯಂತೆ ಮಾತಾಡುತ್ತಿದ್ದ. ತಾಲ್ಲೂಕು ಪಂಚಾಯ್ತಿಗೆ ನಿಲ್ಲುವ ಆಸೆ ಇಟ್ಟುಕೊಂಡಿದ್ದ ಅವನಿಗೆ ನಾಲ್ಕು ಜನ ಸೇರಿದರೆ ಸಾಕು, ದನಿ ಏರುತ್ತಿತ್ತು. ಸೊಸೆ ದೀಪಶ್ರೀ ಕಾಫಿ ಕಾಸಿ ಕಾಸಿ ಸೋತಿದ್ದಳು.

ಆ ವಾರದ ಕೊನೆಗೆ, ತಿಂಗಳಿಗೊಮ್ಮೆ ಮೈಸೂರಿನಿಂದ ಹಾಸನಕ್ಕೆ ಬಂದು ರೋಗಿಗಳನ್ನು ನೋಡುವ ಸರ್ಜನ್ ಡಾಕ್ಟರ್ ಶೋಭಿತಾ ಅವರ ಮುಂದೆ ಕಾಮಾಕ್ಷಮ್ಮ, ಕುಮಾರ, ದೀಪಶ್ರೀ ಮೂವರೂ ಕೂತರು. ಮೊದಲ ಸಲ ಆಪರೇಷನ್ ಮಾಡಿದ್ದೂ ಇವರೇ.

"ಮತ್ತೆ ಬಂದಿದೆ ಅಂದ್ರೆ ದಾರಿಯೆಲ್ಲ ಮುಚ್ಚಿಹೋಯ್ತು ಅಂತಲ್ಲ ಕಾಮಾಕ್ಷಮ್ಮ," ಎಂದರು ಡಾಕ್ಟರು. "ಗೆಡ್ಡೆ ಒಂದೇ ಇದೆ, ಚಿಕ್ಕದು. ಬೇರೆ ಕಡೆ ಎಲ್ಲೂ ಹರಡಿಲ್ಲ. ಉಳಿದ ಲಿವರ್ ಚೆನ್ನಾಗಿ ಕೆಲಸ ಮಾಡ್ತಿದೆ. ನಾವು ಡಾಕ್ಟರುಗಳೆಲ್ಲ ಕೂತು ಮಾತಾಡಿದ್ದೀವಿ. ಮತ್ತೊಂದು ಸಲ ಕತ್ತರಿಸಿ ತೆಗೆಯೋದೇ ಒಳ್ಳೇದು."

"ಸೂಜಿ ಚುಚ್ಚಿ ಸುಟ್ಟಾಕ್ತಾರಂತಲ್ಲ ಮೇಡಂ, ಅದಾಗಲ್ವಾ?" ಎಂದ ಕುಮಾರ. ಚನ್ನರಾಯಪಟ್ಟಣದ ಟ್ರ್ಯಾಕ್ಟರ್ ಶೋರೂಮಿನಲ್ಲಿ ಗಿರಾಕಿಗಳಿಲ್ಲದ ಹೊತ್ತೆಲ್ಲ ಅವನು ಮೊಬೈಲಿನಲ್ಲಿ ಇದನ್ನೇ ಓದುತ್ತಿದ್ದ.

"ಚಿಕ್ಕ ಗೆಡ್ಡೆಗೆ ಅದೂ ಒಳ್ಳೇ ದಾರಿನೇ. ಆದ್ರೆ ಇದು ದೊಡ್ಡ ರಕ್ತನಾಳದ ಪಕ್ಕದಲ್ಲಿ ಕೂತಿದೆ. ಹರಿಯೋ ರಕ್ತ ಬಿಸಿಯನ್ನ ಎಳ್ಕೊಂಡು ಹೋಗಿಬಿಡುತ್ತೆ, ಗೆಡ್ಡೆ ಪೂರ್ತಿ ಸುಡಲ್ಲ."

"ಒಳೆ ಮಗ್ಗುಲಾಗೆ ಒಲೆ ಅಚ್ಚಿದಂಗೆ," ಎಂದಳು ಕಾಮಾಕ್ಷಮ್ಮ.

ಡಾಕ್ಟರು ನಕ್ಕರು. "ಹಾಗೇ ಅನ್ಕೊಳ್ಳಿ. ಇನ್ನೊಂದು ದಾರಿ ಲಿವರ್ ಕಸಿ. ಕೆಟ್ಟ ಲಿವರನ್ನ ಪೂರ್ತಿ ತೆಗೆದು ಬೇರೆಯವರದ್ದು ಹಾಕೋದು. ಲಿವರೆಲ್ಲ ಹಾಳಾಗಿದ್ರೆ, ಇಲ್ಲಾ ಮತ್ತೆ ಕತ್ತರಿಸೋಕೆ ಜಾಗವೇ ಇಲ್ಲ ಅಂದ್ರೆ ಅದರ ಯೋಚನೆ ಮಾಡ್ತೀವಿ. ನಿಮಗೆ ಈಗ ಅದು ಬೇಡ."

ಬೇಡ ಎಂದ ಮೇಲೆ ಸುಮ್ಮನಾಗಬೇಕಿತ್ತು. ಆದರೆ ಕಾಮಾಕ್ಷಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಅದ್ನ ಯಾರು ಕೊಡ್ತಾರೆ ಮೇಡಂ? ಬದುಕಿರೋರೂ ಕೊಡ್ಬೋದಾ?"

ಕೊಡಬಹುದು, ಎಂದರು ಡಾಕ್ಟರು. ಆರೋಗ್ಯವಾಗಿರುವವರು, ವಯಸ್ಸು ಮೀರದವರು, ರಕ್ತದ ಗುಂಪು ಹೊಂದುವವರು, ಲಿವರಿನಲ್ಲಿ ಕೊಬ್ಬು ಇಲ್ಲದವರು. ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ತೆಗೆದರೂ ಅವರದ್ದು ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಒಡಹುಟ್ಟಿದವರು, ಮಕ್ಕಳು, ಗಂಡ ಹೆಂಡತಿ ಕೊಡಬಹುದು. ಉಳಿದವರಾದರೆ ಒಂದು ಸಮಿತಿಯ ಮುಂದೆ ನಿಂತು, ಪ್ರೀತಿಯಿಂದ ಕೊಡುತ್ತಿದ್ದೇನೆ, ಯಾರ ಒತ್ತಾಯವೂ ಇಲ್ಲ ಎಂದು ಒಪ್ಪಿಸಬೇಕು. ತನಗೆ ಬೇಕಾದ ಆಪರೇಷನ್ನಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದ ಕಾಮಾಕ್ಷಮ್ಮ ಬೇಡವಾದದ್ದನ್ನೆಲ್ಲ ಕಿವಿಯಗಲಿಸಿ ಕೇಳಿದಳು. ಅತ್ತೆಯ ಕಣ್ಣಿನ ಹೊಳಪು ನೋಡಿದ ದೀಪಶ್ರೀಗೆ ಏನೋ ಆಗಲಿದೆ ಎಂದು ಆಗಲೇ ಗೊತ್ತಾಯಿತು.

ಮನೆಗೆ ಬಂದರೆ ನಡುಮನೆ ತುಂಬಿತ್ತು. ರವೀಂದ್ರ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, "ಏನಂದ್ರಕ್ಕ ಡಾಕ್ಟ್ರು? ನೀನೇನೂ ಯೋಚ್ನೆ ಮಾಡ್ಬ್ಯಾಡ. ನಾನಿವ್ನಿ. ನಿಂಗೋಸ್ಕರ ಪ್ರಾಣ ಬೇಕಾದ್ರೂ ಕೊಡ್ತೀನಿ," ಎಂದ.

"ಪ್ರಾಣ ನೀನೇ ಮಡಿಕ್ಕಳಪ್ಪ," ಎಂದಳು ಕಾಮಾಕ್ಷಮ್ಮ, ಚಪ್ಪಲಿ ಬಿಡುತ್ತಾ. "ಅಷ್ಟೆಲ್ಲಾ ಬ್ಯಾಡ್ವಂತೆ. ಅರ್ಧ ಲಿವರ್ ಕೊಟ್ರೆ ಸಾಕಂತೆ."

ಅವಳು ಅಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡುತ್ತಾ ಮುಂದುವರಿಸಿದಳು.

"ಒಡುಟ್ಟಿದೋರ್ದಾದ್ರೆ ಚೆನ್ನಾಗಿ ಒಂದ್ಕೊಳ್ತದಂತೆ. ನೆಂಟ್ರುದೂ ಆಯ್ತದಂತೆ. ಕುಮಾರುಂದು ರಕ್ತ ಒಂದಾಕಿಲ್ಲ. ನಾಳಿಕ್ಕೆ ಆಸನಕ್ಕೆ ಯಾರ್ಯಾರು ಬತ್ತೀರಿ, ಒಟ್ಟಿಗೆ ಓಗನ."

ಜುಮುಕಿ ಮುಟ್ಟಿ ನೋಡಿದವಳಿಗೆ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಯಿತು. ಗಿರಣಿಯ ಬಗ್ಗೆ ವಿಚಾರಿಸಿದವಳಿಗೆ ಕಡೇ ಬಸ್ಸು ತಪ್ಪುತ್ತಿತ್ತು, ಇನ್ನೂ ಸಂಜೆ ನಾಲ್ಕಾಗಿದ್ದರೂ. ರವೀಂದ್ರ ಫೋನ್ ರಿಂಗಾಗದಿದ್ದರೂ ಅದನ್ನು ಕಿವಿಗಿಟ್ಟುಕೊಂಡು, "ಹಾ, ಹಲೋ, ಏಳಿ ಸಾ," ಎನ್ನುತ್ತಾ ಅಂಗಳಕ್ಕಿಳಿದವನು ಹಾಗೇ ಕಾರು ಹತ್ತಿದ. ನಡುಮನೆಯಲ್ಲಿ ಉಳಿದದ್ದು ಖಾಲಿ ಲೋಟಗಳು ಮತ್ತು ಸೇಬು. ದೀಪಶ್ರೀ ಅಡುಗೆಮನೆಯ ಬಾಗಿಲ ಹಿಂದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು.

"ಅಮ್ಮಾ, ಇದೆಲ್ಲಾ ಬೇಕಿತ್ತಾ?" ಎಂದ ಕುಮಾರ.

"ಮನೆ ಎಷ್ಟು ತಣ್ಣಗದೆ ನೋಡ್ಲಾ. ಒಂದೆರಡು ವಾರ ಇಂಗೇ ಇರ್ಲಿ. ಆಪರೇಷನ್ ಆದ್ಮೇಲೆ ನಾನೇ ನಿಜ ಏಳ್ತೀನಿ."

ತೊಂದರೆ ಇದ್ದದ್ದು ನಂಜಪ್ಪನದು. ಅವನಿಗೆ ನಿಜ ಹೇಳದಿದ್ದರೆ ಪಾಪ, ಹೇಳಿದರೆ ಅಪಾಯ. ಎರಡು ಪೆಗ್ಗು ಒಳಗೆ ಹೋದರೆ ಅವನ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುತ್ತಿರಲಿಲ್ಲ. ಕೊನೆಗೆ ಹೇಳಿದಳು, ಜೊತೆಗೆ ಆಪರೇಷನ್ ಮುಗಿಯುವ ತನಕ ಬ್ರಾಂದಿ ಅಂಗಡಿಯ ಕಡೆ ತಲೆ ಹಾಕಬಾರದೆಂದು ಅವನ ಕೈಯಲ್ಲಿ ಕರ್ಪೂರ ಮುಟ್ಟಿಸಿದಳು. ಮದುವೆಯಾದಾಗಿನಿಂದ ಬೈದು, ಅತ್ತು, ಉಪವಾಸ ಬಿದ್ದು ಸಾಧಿಸಲಾಗದ್ದು ಒಂದು ಸುಳ್ಳಿನಿಂದ ಆಯಿತು. ನಂಜಪ್ಪ ಸಂಜೆಯಾದರೆ ಗಿರಣಿಗೆ ಬಂದು ಜರಡಿ ಹಿಡಿದು ಕೂರತೊಡಗಿದ. ಕೈ ನಡುಗಿ ಹಿಟ್ಟು ತಾನಾಗಿಯೇ ಜರಡಿಯಾಗುತ್ತಿತ್ತು.

ರವೀಂದ್ರ ಮಾತ್ರ ಆಮೇಲೆ ಫೋನ್ ಎತ್ತಲಿಲ್ಲ. ಕಾಮಾಕ್ಷಮ್ಮನಿಗೆ ಸುಮ್ಮನಿರಲಾಗಲಿಲ್ಲ. ಒಂದು ಭಾನುವಾರ ಸೊಸೆಯನ್ನು ಕರೆದುಕೊಂಡು ಅರಕಲಗೂಡಿನ ಬಸ್ ಹತ್ತಿಯೇಬಿಟ್ಟಳು. ತಮ್ಮನ ಮನೆಯಲ್ಲಿ ಅಂದು ಬಾಡೂಟ. ನಾದಿನಿ ಭಾನುಪ್ರಿಯಾ ಬಾಳೆಲೆ ಹಾಕಿ ಬಡಿಸುತ್ತಿದ್ದಳು. ರವೀಂದ್ರನ ಎಲೆಯ ಮೇಲೆ ಹುರಿದ ಕುರಿ ಲಿವರು ಬಿದ್ದಿತ್ತು. ಅಕ್ಕನನ್ನು ಕಂಡವನು ಅದನ್ನು ಮೆಲ್ಲಗೆ ಎಲೆಯ ಅಂಚಿಗೆ ಸರಿಸಿದ.

"ತಿನ್ನಪ್ಪ, ತಿನ್ನು. ಅದು ನಂಗೆ ಒಂದಾಕಿಲ್ಲ," ಎಂದು ಕಾಮಾಕ್ಷಮ್ಮ ಎದುರಿಗೆ ಕೂತಳು. "ಯಾವತ್ತು ಬತ್ತೀಯ ರಕ್ತ ಕೊಡಾಕೆ? ಡಾಕ್ಟ್ರು ಕೇಳ್ತಾವ್ರೆ."

"ನಂಗೆ ಬಿಪಿ ಅಕ್ಕ."

"ಬಿಪಿಗೆ ಮಾತ್ರೆ ಕೊಡ್ತಾರಂತೆ."

"ಶುಗರ್ ಬಾರ್ಡ್ರಾಗೆ ಅದೆ. ಎಲೆಕ್ಷನ್ ಬ್ಯಾರೆ ಬತ್ತಾ ಅದೆ."

"ಒಳ್ಳೇದೇ ಆಯ್ತು. ಅಕ್ಕಂಗೆ ಲಿವರ್ ಕೊಟ್ಟೋನು ಅಂತ ಪಾಂಪ್ಲೆಟ್ ಒಡ್ಸು. ಎದ್ರುಗಡೆಯವ್ನು ಡೆಪಾಸಿಟ್ ಕಳ್ಕಂತನೆ."

ರವೀಂದ್ರ ಬೆವರಿದ. ಅತ್ತ ಇತ್ತ ನೋಡಿದ. ಕೊನೆಗೆ ದಾರಿ ಕಾಣದೆ, ಇಪ್ಪತ್ತು ವರ್ಷದಿಂದ ಜೋಪಾನ ಮಾಡಿದ್ದನ್ನು ಹೊರಗೆ ಹಾಕಿಬಿಟ್ಟ. "ಅಕ್ಕಾ, ನನ್ ಲಿವರ್ ಒಳ್ಳೇದಲ್ಲ ಕಣಕ್ಕ. ನಾನು… ನಾನು ಕುಡೀತೀನಿ."

ಭಾನುಪ್ರಿಯಾಳ ಕೈಯ ಸೌಟು ಸಾರಿನ ಪಾತ್ರೆಯೊಳಗೆ ಬಿತ್ತು. ಹೆಂಡದ ವಾಸನೆ ಕಂಡರೆ ತಲೆ ಸುತ್ತುತ್ತದೆ ಎಂದು ಹೇಳಿಯೇ ಅವಳನ್ನು ಮದುವೆಯಾಗಿದ್ದವನು ಅವನು. ಪಾನನಿರೋಧದ ಸಭೆಗಳಲ್ಲಿ ಭಾಷಣ ಬೇರೆ ಮಾಡುತ್ತಿದ್ದ.

"ಏನಂದ್ರಿ?" ಎಂದಳು ಭಾನುಪ್ರಿಯಾ. "ಇನ್ನೊಂದ್ಸಲ ಏಳಿ."

"ವಾರಕ್ಕೊಂದ್ಸಲ… ಮೀಟಿಂಗ್ ಇದ್ದಾಗ…"

"ವಾರಕ್ಕೆ ನಾಕು ಮೀಟಿಂಗ್ ಇರ್ತವಲ್ರೀ ನಿಮ್ಗೆ!"

ಕಾಮಾಕ್ಷಮ್ಮ ಬಡಿಸಿದ್ದನ್ನೆಲ್ಲ ನಿಧಾನಕ್ಕೆ ಉಂಡು, ಕೈ ತೊಳೆದು, ಗಂಡ ಹೆಂಡಿರಿಬ್ಬರಿಗೂ ಹೋಗಿಬರುತ್ತೇನೆಂದು ಹೇಳಿ ಹೊರಟಳು. ಹೇಳಿದ್ದು ಇಬ್ಬರಿಗೂ ಕೇಳಿಸಲಿಲ್ಲ.

ಬಸ್ಸಿನಲ್ಲಿ ಅತ್ತೆ ಸೊಸೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಕಂಡಕ್ಟರ್ ಟಿಕೆಟ್ ಕೊಡುವಾಗ ಏನಾಯ್ತವ್ವ ಎಂದು ವಿಚಾರಿಸಿದ. ಆಮೇಲೆ ದೀಪಶ್ರೀ ಕಿಟಕಿಗೊರಗಿ ನಿದ್ದೆ ಹೋದಳು. ಕಾಮಾಕ್ಷಮ್ಮನ ಕೈ ತಾನಾಗಿ ಹೊಟ್ಟೆಯ ಹಳೆಯ ಗಾಯದ ಮೇಲೆ ಹೋಯಿತು. ಎರಡನೇ ಸಲ ಹೊಟ್ಟೆ ಬಿಚ್ಚುವುದು ಸುಲಭವಲ್ಲ, ಮೊದಲಿನ ಗಾಯದಿಂದ ಒಳಗೆಲ್ಲ ಅಂಟಿಕೊಂಡಿರುತ್ತದೆ ಎಂದು ಡಾಕ್ಟರು ಕುಮಾರನಿಗೆ ಹೇಳಿದ್ದನ್ನು ಅವಳು ಬಾಗಿಲಾಚೆಯಿಂದ ಕೇಳಿಸಿಕೊಂಡಿದ್ದಳು. ಊರವರನ್ನು ಆಡಿಸುವಷ್ಟು ಹೊತ್ತು ಆ ಮಾತು ಹತ್ತಿರ ಬರುತ್ತಿರಲಿಲ್ಲ. ನಗು ನಿಂತ ಕೂಡಲೇ ಪಕ್ಕದ ಸೀಟಿಗೆ ಬಂದು ಕೂರುತ್ತಿತ್ತು. ಇನ್ನು ಯಾರನ್ನು ಕೇಳಲು ಹೋಗಬಹುದು ಎಂದು ಅವಳು ಲೆಕ್ಕ ಹಾಕತೊಡಗಿದಳು.

ಚನ್ನರಾಯಪಟ್ಟಣದ ಸ್ನೇಹಲತಾ ಆ ಲೆಕ್ಕದಲ್ಲಿ ಇರಲೇ ಇಲ್ಲ. ಅವಳು ನಂಜಪ್ಪನ ತಂಗಿ. ಕುಮಾರನ ಮದುವೆಯಲ್ಲಿ ಸೋದರತ್ತೆಗೆ ಕೊಟ್ಟ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತೆಂದು ಅದನ್ನು ಬಸ್ ಕಂಡಕ್ಟರನ ಕೈಯಲ್ಲಿ ವಾಪಸ್ ಕಳಿಸಿದ್ದಳು. ಕಾಮಾಕ್ಷಮ್ಮ ಅದನ್ನು ಎರಡು ತುಂಡು ಮಾಡಿ ಗಿರಣಿಯ ಬಾಗಿಲಿಗೆ ಪರದೆ ಕಟ್ಟಿದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಆ ಪರದೆಯನ್ನೇ ಸರಿಸಿಕೊಂಡು ಸ್ನೇಹಲತಾ ಒಂದು ಬೆಳಿಗ್ಗೆ ಗಿರಣಿಯೊಳಗೆ ಬಂದಳು. ಕಾಮಾಕ್ಷಮ್ಮ ಯಾರದೋ ಅಕ್ಕಿ ಬೀಸುತ್ತಿದ್ದಳು. ಸ್ನೇಹಲತಾ ಪರದೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, "ಇನ್ನೂ ಬಣ್ಣ ಬುಡ್ತಾ ಅದೆ," ಎಂದಳು. ಆಮೇಲೆ ಮೂಟೆಯೊಂದರ ಮೇಲೆ ಕೂತು, ಮೋಟರಿನ ಸದ್ದಿಗೂ ಮೀರಿ ಕೂಗಿದಳು: "ನಂದು ಓ ಪಾಸಿಟಿವ್! ಯಾರ್ಗಾದ್ರೂ ಒಂದ್ತದಂತೆ!"

ಕಾಮಾಕ್ಷಮ್ಮ ಸ್ವಿಚ್ ಆರಿಸಿದಳು.

"ಸ್ಕ್ಯಾನೂ ಮಾಡಿಸ್ಕಂಡೆ," ಎಂದು ಸ್ನೇಹಲತಾ ಮುಂದುವರಿಸಿದಳು. "ಕೊಬ್ಬಿಲ್ಲ ಅಂದ್ರು."

"ನಿಂಗೆ ಕೊಬ್ಬಿಲ್ಲ ಅಂದ್ರಾ? ಆ ಮಿಷನ್ನೇ ಸರಿಯಿಲ್ಲ ಬುಡು," ಎಂಬ ಮಾತು ಕಾಮಾಕ್ಷಮ್ಮನ ಬಾಯಿಂದ ಹಳೆಯ ಅಭ್ಯಾಸಕ್ಕೆ ಜಾರಿತು.

ಸ್ನೇಹಲತಾ ಕೇಳದವಳಂತೆ ಕೂತಳು. "ನಾನು ನಿಂಗೆ ರಕ್ತಸಂಬಂಧಿ ಅಲ್ವಂತೆ. ಅದ್ಕೆ ಕಮಿಟಿ ಮುಂದೆ ನಿಂತ್ಕಂಡು, ಅತ್ಗೆ ಮ್ಯಾಲೆ ಪ್ರೀತಿಯಿಂದ ಕೊಡ್ತಾ ಇವ್ನಿ ಅಂತ ಏಳ್ಬೇಕಂತೆ. ಕನ್ನಡಿ ಮುಂದೆ ನಿಂತ್ಕಂಡು ಏಳಿ ಏಳಿ ನೋಡ್ತಾ ಇವ್ನಿ. ಪ್ರೀತಿ ಅನ್ನಾ ಮಾತು ಬಂದಾಗ ನಗು ಬಂದ್ಬುಡ್ತದೆ. ಅದೊಂದ್ನ ಸರಿ ಮಾಡ್ಕಬೇಕು."

"ಮತ್ಯಾಕೆ ಕೊಡ್ತೀಯ?"

"ಯಾಕಾ? ನೀನು ನನ್ ಲಿವರ್ ಇಕ್ಕಂಡು ಊರೆಲ್ಲಾ ಓಡಾಡ್ಬೇಕು. ಯಾರ್ದಮ್ಮಾ ಇದು ಅಂತ ಜನ ಕೇಳ್ಬೇಕು. ಸ್ನೇಹಲತಂದು ಅಂತ ನಿನ್ ಬಾಯಾಗೆ ನೀನೇ ಏಳ್ಬೇಕು. ದಿನಾ!"

ಗಟ್ಟಿಯಾಗಿಯೇ ಹೇಳಿದಳು. ಆದರೆ ಹೇಳುತ್ತಾ ಕೈಯೆತ್ತಿದಾಗ ಮೊಣಕೈಯ ಒಳಮಗ್ಗುಲಲ್ಲಿ ರಕ್ತ ತೆಗೆದ ಜಾಗ ನೀಲಿಗಟ್ಟಿದ್ದು ಕಾಮಾಕ್ಷಮ್ಮನ ಕಣ್ಣಿಗೆ ಬಿತ್ತು. ಚಿಕ್ಕಂದಿನಿಂದಲೂ ಇಂಜೆಕ್ಷನ್ ಎಂದರೆ ಅಟ್ಟ ಹತ್ತಿ ಕೂರುತ್ತಿದ್ದವಳು ಈ ಸ್ನೇಹಲತಾ. ನಂಜಪ್ಪ ಅದನ್ನು ಎಷ್ಟೋ ಸಲ ಹೇಳಿದ್ದ. ಬ್ಯಾಂಕಿನ ಮ್ಯಾನೇಜರನ ಬೋಳುತಲೆ ನೋಡಿಯೂ ಅಳುಕದ ಕಾಮಾಕ್ಷಮ್ಮ ತಕ್ಕಡಿಯ ಸರಪಳಿ ಹಿಡಿದು ನಿಂತು ನಡೆದದ್ದನ್ನೆಲ್ಲ ಹೇಳಿದಳು. ಕಸಿ ಬೇಡ. ಇನ್ನೊಂದು ಸಲ ಕತ್ತರಿಸುತ್ತಾರೆ, ಅಷ್ಟೇ. ನೆಂಟರ ಕಾಟ ತಡೆಯಲಾರದೆ ಸುಳ್ಳು ಹೇಳಿದೆ.

ಸ್ನೇಹಲತಾ ಮೂಟೆಯಿಂದ ಎದ್ದು ನಿಂತಳು.

"ಅಂಗಾರೆ ನಂದು ಬ್ಯಾಡ್ವಾ?"

"ಬ್ಯಾಡ ಕಣವ್ವ. ತಪ್ಪಾಯ್ತು."

"ನಮ್ ಬೀದಿಗೆಲ್ಲಾ ಏಳ್ಬುಟ್ಟಿವ್ನಿ! ಮಯಿಳಾ ಸಂಘದೋರು ಶಾಲು ಆಕ್ತೀವಿ ಅಂತ ಶಾಲು ತಂದವ್ರೆ! ಅದೇ ಸಂಘದ ಮಲ್ಲಿಗಮ್ಮ ನನ್ ಮ್ಯಾಲೆ ಪದಾನೇ ಕಟ್ಟವ್ಳೆ! ಈಗ ಯಾವ್ ಮಖ ಇಕ್ಕಂಡು ಓಗ್ಲಿ ನಾನು?" ಎಂದವಳೇ ಸ್ನೇಹಲತಾ ಡಬ್ಬಿಯಿಂದ ಒಂದು ಹಿಡಿ ಅಕ್ಕಿಹಿಟ್ಟು ಎತ್ತಿ ಅತ್ತಿಗೆಯ ಮುಖಕ್ಕೆ ಎರಚಿದಳು. ಕಾಮಾಕ್ಷಮ್ಮ ಕಣ್ಣು ಮುಚ್ಚಿ ನಿಂತೇ ಇದ್ದಳು. ಎರಡನೇ ಹಿಡಿಯನ್ನೂ ಹಾಕಿಸಿಕೊಂಡಳು. ಮೂರನೆಯದಕ್ಕೆ ಕೈ ಹಾಕುವಾಗ ಸ್ನೇಹಲತಾಳಿಗೇ ನಗು ತಡೆಯಲಾಗಲಿಲ್ಲ. ಅಕ್ಕಿ ತಂದಿದ್ದ ಹೆಂಗಸು ಒಳಗೆ ಬಂದಾಗ ಇಬ್ಬರೂ ಬೆಳ್ಳಗೆ ಪಿಶಾಚಿಗಳಂತೆ ಮೂಟೆಯ ಮೇಲೆ ಕೂತು, ಯಾರು ನಗುತ್ತಿದ್ದಾರೆ, ಯಾರು ಅಳುತ್ತಿದ್ದಾರೆ ಎಂದು ತಿಳಿಯದಂತಿದ್ದರು.

ಆಪರೇಷನ್ನಿಗೆ ಮೈಸೂರಿಗೆ ಹೋದಾಗ ಸ್ನೇಹಲತಾ ಚೀಲ ಹಿಡಿದು ಜೊತೆಗೆ ಹೊರಟಳು. ಡಾಕ್ಟರು ಹೆದರಿದಂತೆಯೇ ಒಳಗೆಲ್ಲ ಅಂಟಿಕೊಂಡಿತ್ತು. ಬಿಡಿಸುವುದಕ್ಕೇ ಬಹಳ ಹೊತ್ತು ಹಿಡಿಯಿತು. ಗೆಡ್ಡೆಯನ್ನು ಕತ್ತರಿಸಿ ತೆಗೆದ ಮೇಲೆ ಲಿವರಿನ ಮೇಲೆಯೇ ಸ್ಕ್ಯಾನಿಂಗ್ ಯಂತ್ರ ಇಟ್ಟು ಹುಡುಕಿದಾಗ, ಮೊದಲು ಕಾಣದಿದ್ದ ಇನ್ನೊಂದು ಚುಕ್ಕೆ ಆಳದಲ್ಲಿ ಸಿಕ್ಕಿತು. ಅಲ್ಲಿಯವರೆಗೆ ಕತ್ತರಿಸಿದರೆ ಉಳಿಯುವ ಲಿವರು ಸಾಲದು. ಹತ್ತಿರದಲ್ಲಿ ದೊಡ್ಡ ರಕ್ತನಾಳವೂ ಇರಲಿಲ್ಲವಾದ್ದರಿಂದ ಸೂಜಿ ಇಳಿಸಿ ಅಲ್ಲೇ ಸುಟ್ಟರು.

"ಕತ್ತರಿಸಿದ್ದೂ ಆಯ್ತು, ಸುಟ್ಟಿದ್ದೂ ಆಯ್ತು," ಎಂದರು ಡಾಕ್ಟರ್ ಶೋಭಿತಾ, ಅವಳಿಗೆ ಎಚ್ಚರವಾದ ಮೇಲೆ. ಕಾಮಾಕ್ಷಮ್ಮನಿಗೆ ಅಂದು ಉತ್ತರ ಕೊಡುವ ಶಕ್ತಿಯಿರಲಿಲ್ಲ. ಈ ಸಲದ ನೋವು ಮೊದಲಿನದಕ್ಕಿಂತ ಹೆಚ್ಚಾಗಿತ್ತು. ಜ್ವರ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು, ಉಪ್ಪಿಲ್ಲದ ಗಂಜಿ ನೋಡಿದರೆ ಅಳು ಬರುತ್ತಿತ್ತು. ಒಂದು ಮಧ್ಯಾಹ್ನ ನಿಜವಾಗಿಯೂ ಅತ್ತಳು. ಸ್ನೇಹಲತಾ ಬೆನ್ನು ನೀವುತ್ತಾ ಕೂತಿದ್ದಳೇ ಹೊರತು ಹಂಗಿಸಲಿಲ್ಲ.

ವಾರ್ಡಿನ ಉಳಿದವರಿಗೆಲ್ಲ ಸ್ನೇಹಲತಾ ತನ್ನದೇ ಕಥೆ ಹೇಳಿಕೊಂಡಿದ್ದಳು. "ನಾನೇ ಕೊಡಾಕೆ ಬಂದಿದ್ದೆ. ಟೆಸ್ಟೆಲ್ಲಾ ಆಗಿತ್ತು. ಕೊನೇ ಗಳಿಗೇಲಿ ಡಾಕ್ಟ್ರು ಬ್ಯಾಡ ಅಂದ್ರು. ನಿಜ ಅಲ್ವಾ ಅತ್ಗೆ?" ಎಂದು ಮಂಚದ ಕಡೆ ತಿರುಗುತ್ತಿದ್ದಳು.

"ಊಂ, ನಿಜ ಕಣವ್ವ," ಎಂದು ಕಾಮಾಕ್ಷಮ್ಮ ಮೂಗಿಗೆ ನಳಿಕೆ ಇದ್ದಾಗಲೂ ಸಾಕ್ಷಿ ಹೇಳಿದಳು. ಚನ್ನರಾಯಪಟ್ಟಣದಲ್ಲಿ ಸ್ನೇಹಲತಾಳಿಗೆ ಶಾಲು ಹಾಕಿದ ದಿನ, ನಡೆಯಲು ಬಂದ ಮೊದಲ ವಾರವಾದರೂ ಹೋಗಿ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಅಷ್ಟು ಹೊತ್ತಿಗೆ ಹೊಳೆನರಸೀಪುರಕ್ಕೆಲ್ಲ ನಿಜ ಗೊತ್ತಾಗಿತ್ತು. ಅರಕಲಗೂಡಿನಲ್ಲಿ ಭಾನುಪ್ರಿಯಾ ಗಂಡನ ಮೀಟಿಂಗುಗಳಿಗೆಲ್ಲ ತಾನೂ ಹೋಗತೊಡಗಿದ್ದಳು. ನಂಜಪ್ಪ ಆಪರೇಷನ್ ಮುಗಿದ ವಾರವೇ ಅಂಗಡಿಗೆ ಹೋದನಾದರೂ ವಾರಕ್ಕೊಂದು ದಿನಕ್ಕೆ ನಿಲ್ಲಿಸಿಕೊಂಡ. ಅದೂ ಸಣ್ಣ ಲಾಭವಲ್ಲ.

ಈಗ ಮೂರು ತಿಂಗಳಿಗೊಮ್ಮೆ ಹಾಸನಕ್ಕೆ ಹೋಗಿ ಸ್ಕ್ಯಾನ್ ಮಾಡಿಸಬೇಕು. ಇದು ಮತ್ತೆ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮೊದಲ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಎರಡನೆಯದರ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಮಾದಮ್ಮ ಎಂಬ ಹೆಂಗಸು ಗಂಡನ ಫೈಲನ್ನು ಎದೆಗವಚಿಕೊಂಡು ಅಳುತ್ತಿದ್ದಳು. ಅವನಿಗೂ ಆಪರೇಷನ್ ಆಗಿ ಮತ್ತೆ ಬಂದಿತ್ತಂತೆ. ಗಂಡ ಪಕ್ಕದಲ್ಲಿ ಗೋಡೆ ನೋಡುತ್ತಾ ಕೂತಿದ್ದ.

ಕಾಮಾಕ್ಷಮ್ಮ ಹೋಗಿ ನಡುವೆ ಜಾಗ ಮಾಡಿಕೊಂಡು ಕೂತಳು. "ನಂದು ಎಲ್ಡ್ ಸಲ ಆಗದೆ ಕಣವ್ವ. ಒಂದ್ಸಲ ಕುಯ್ದ್ರು, ಇನ್ನೊಂದ್ಸಲ ಕುಯ್ದೂ ಸುಟ್ರು. ಒಟ್ಟೆ ಮ್ಯಾಲೆ ಆಸನದ ರಿಂಗ್ ರೋಡೇ ಅದೆ, ಬೇಕಾರೆ ತೋರುಸ್ತೀನಿ."

ಮಾದಮ್ಮ ಅಳು ನಿಲ್ಲಿಸಿ ದಿಟ್ಟಿಸಿದಳು. ಗಂಡನ ಮುಖ ಗೋಡೆಯಿಂದ ಇತ್ತ ತಿರುಗಿತು. "ನಿಜ್ವಾ?" ಎಂದ.

"ಈ ವಿಷ್ಯದಾಗೆ ನಾನು ಸುಳ್ಳೇಳಾಕಿಲ್ಲ," ಎಂದು ಕಾಮಾಕ್ಷಮ್ಮ ಎದ್ದು ನಿಂತಳು. "ಡಾಕ್ಟ್ರು ಬರಾದು ಇನ್ನೂ ತಡ. ಬನ್ನಿ, ಆಚೆ ಕ್ಯಾಂಟೀನಾಗೆ ಬಿಸಿ ಇಡ್ಲಿ ಇಳ್ಸಿರ್ತಾನೆ. ತಿಂದ್ಕಂಡ್ ಬಂದು ಆಮೇಲೆ ಅಳೀವ್ರಂತೆ."